ಬಿಸಿಲು ಎಲ್ಲರಿಗೂ, ಗುತ್ತಿಗೆ ಹಣ ಯಾರಿಗೆ?

ರಾಯದುರ್ಗ, ಮಡಕಶಿರದ ಕಡೆಯವರಿಗೆ ಬಿಸಿಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿದ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಕೂಲಿಗೆ ಹೊರಟ ಕುಟುಂಬಗಳು ನಮ್ಮ ನಡುವೆಯೇ ಇವೆ. ಅದೇ ಬಿಸಿಲಿಗೆ ಈಗ ಬೆಲೆ ಬಂದಿದೆ.

ಈ ಎರಡು ಊರುಗಳ ನಡುವೆ ಕರ್ನಾಟಕದ ಪಾವಗಡ ತಾಲ್ಲೂಕು ಆಂಧ್ರದೊಳಕ್ಕೆ ಚಾಚಿಕೊಂಡಿದೆ. ಅಲ್ಲಿನ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಇಂದು ಸೌರಫಲಕಗಳದೇ ಬೆಳೆ. 2018ರ ಮಾರ್ಚ್ 1ರಂದು ಉದ್ಘಾಟನೆಯಾದ ಈ ಸೌರ ಪಾರ್ಕ್ 2019ರ ಕೊನೆಗೆ 2,050 ಮೆಗಾವಾಟ್ ಮುಟ್ಟಿತು. ವಿಶೇಷವೆಂದರೆ, ಜಮೀನನ್ನು ಕೊಂಡುಕೊಳ್ಳಲಿಲ್ಲ. 28 ವರ್ಷಕ್ಕೆ ಗುತ್ತಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. ಬರದ ನಾಡಿಗೆ ಇದು ಒಳ್ಳೆಯ ದಾರಿಯೆಂದೇ ನನ್ನ ಅಭಿಪ್ರಾಯ.

ಆದರೆ ಪಹಣಿಯೇ ಇಲ್ಲದವರು? ಕಳೆ ಕೀಳಲು, ಕಾಯಿ ಬಿಡಿಸಲು ಹೋಗುತ್ತಿದ್ದ ಹೆಂಗಸರಿಗೆ ಹೊಲವೇ ಇಲ್ಲವಾಯಿತು. ಕುರಿ ಮೇಯಿಸುವವರಿಗೆ ಬೀಳು ನೆಲಕ್ಕೆ ಬೇಲಿ ಬಿತ್ತು. ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಸಿಕ್ಕಿದ್ದು ಕೆಲವರಿಗೆ ಮಾತ್ರ. ಗುತ್ತಿಗೆ ಪತ್ರದಲ್ಲಿ ಇವರಿಗಾಗಿ ಒಂದು ಸಾಲನ್ನು ಮೊದಲೇ ಬರೆಸಬಹುದಿತ್ತು.

ಇನ್ನು, ನಾವು ದೀಪ ಹಚ್ಚುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ! ಅದಕ್ಕೇ ಸೌರವಿದ್ಯುತ್ತಿನ ಜೊತೆಗೆ ಗಾಳಿಯೂ ಬೇಕು, ಕೂಡಿಡುವ ಬ್ಯಾಟರಿಯೂ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ದಿನಗಳಲ್ಲೇ ನಮ್ಮ ಗುಡ್ಡಗಳ ಮೇಲೆ ಗಾಳಿ ಜೋರು. ಅನಂತಪುರ ಜಿಲ್ಲೆಯ ಗುತ್ತಿ ಮಂಡಲದ ಬೇತಪಲ್ಲಿಯಲ್ಲಿ ಈ ಮೂರನ್ನೂ ಜೋಡಿಸುವ ಯೋಜನೆಗೆ 2025ರ ಮೇ ತಿಂಗಳಲ್ಲಿ ಶಂಕುಸ್ಥಾಪನೆಯಾಯಿತು. ಮಡಕಶಿರವಂತೂ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆಯ ಹೆಸರು ಬದಲಾದರೂ ಬಿಸಿಲು ಬದಲಾಗಿಲ್ಲ, ನೆಲ ಕೇಳಿಕೊಂಡು ಬರುವವರು ಇಲ್ಲಿಗೂ ಬರುತ್ತಾರೆ.

ಬಂದಾಗ ಎಕರೆಗೆ ಎಷ್ಟು ಎಂದು ಕೇಳುವುದು ಸಹಜ. ಫಲಕದ ಚೌಕಟ್ಟು ಎಷ್ಟು ಎತ್ತರ ಎಂದೂ ಕೇಳಿರಿ. ತುಸು ಎತ್ತರದಲ್ಲಿ ಕೂರಿಸಿದರೆ ಅದರ ನೆರಳಿನಡಿ ಕುರಿ ಮೇಯಬಹುದು. ಹುಲ್ಲು ಕೊಯ್ಯಿಸುವ ಖರ್ಚೂ ಉಳಿಯುತ್ತದೆ. ಕಂಬ ನೆಟ್ಟ ಮೇಲೆ ಕೇಳಿದರೆ 28 ವರ್ಷ ಕಾಯಬೇಕಾದೀತು.