1444ರ ನವೆಂಬರ್ 11, ಗಡಿಯಾರ ನಿಂತಿದೆ

ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತವನು ಹತ್ತು ನಿಮಿಷ ತುಟಿ ಬಿಚ್ಚಲಿಲ್ಲ. ಪರದೆಯ ತುಂಬ ಭೂಪಟ. ಪೋರ್ಚುಗಲ್‌ನಿಂದ ಜಪಾನ್‌ವರೆಗೆ ಕೌದಿ ಹೊಲಿದಂತೆ ಬಣ್ಣದ ತುಂಡುಗಳು. ಮೇಲ್ಗಡೆ ಸಾಲಾಗಿ ಅಂಕಿಗಳು, ಒಂದು ಗುಂಡಿ ಮುಟ್ಟಿದರೆ ಅದರೊಳಗಿಂದ ಇನ್ನೂ ಹತ್ತು ಗುಂಡಿಗಳು. ಕೊನೆಗೆ, "ಮಾಮ, ಇದರಲ್ಲಿ ಎಲ್ಲಿ ಒತ್ತಬೇಕು?" ಅಂದ. ಸದ್ಯಕ್ಕೆ ಎಲ್ಲೂ ಒತ್ತಬೇಡ ಅಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ.

ಆ ಗೇಮಿನ ಹೆಸರು ಯೂರೋಪಾ ಯೂನಿವರ್ಸಾಲಿಸ್, ನಾಲ್ಕನೆಯ ಭಾಗ. ಸ್ಟಾಕ್‌ಹೋಮ್‌ನ ಪ್ಯಾರಡಾಕ್ಸ್ ಕಂಪನಿ 2013ರಲ್ಲಿ ಹೊರತಂದದ್ದು. ಮೂಲದಲ್ಲಿ ಇದು 1993ರ ಒಂದು ಫ್ರೆಂಚ್ ಬೋರ್ಡ್ ಗೇಮ್. ಆಟ ಶುರುವಾಗುವುದು 1444ರ ನವೆಂಬರ್ 11ಕ್ಕೆ. ಅದರ ಹಿಂದಿನ ದಿನವಷ್ಟೇ ಕಪ್ಪು ಸಮುದ್ರದ ದಡದ ವಾರ್ನಾದಲ್ಲಿ ಆಟೋಮನ್ ತುರ್ಕರು ಯೂರೋಪಿನ ಧರ್ಮಯುದ್ಧದ ಪಡೆಯನ್ನು ಮಣಿಸಿದ್ದರು. ಹಂಗೇರಿ, ಪೋಲೆಂಡ್ ಎರಡಕ್ಕೂ ರಾಜನಾಗಿದ್ದ ಇಪ್ಪತ್ತರ ಹುಡುಗ ಅಲ್ಲೇ ಸತ್ತ. ಅಲ್ಲಿಂದ 1821ರ ಜನವರಿಯವರೆಗೆ, ನಮಗೆ ಬೇಕಾದ ರಾಜ್ಯವನ್ನು ಆರಿಸಿಕೊಂಡು ನಡೆಸುತ್ತ ಹೋಗಬಹುದು. ಇಂಥ ಗೇಮ್‌ಗಳಿಗೆ ಗ್ರ್ಯಾಂಡ್ ಸ್ಟ್ರಾಟಜಿ ಎನ್ನುತ್ತಾರೆ. ಹೀಗಾದರೆ ಗೆದ್ದ ಹಾಗೆ ಎಂದು ಯಾರೂ ಹೇಳುವುದಿಲ್ಲ. ಅಂಕಪಟ್ಟಿ ಒಂದಿದೆ, ಅದನ್ನು ಆಡುವವರ್‍ಯಾರೂ ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ.

ನಮ್ಮ ಹುಡುಗ ಹೊಸಪೇಟೆಯವನು. ವಿಜಯನಗರ ಬಿಟ್ಟು ಬೇರೆ ಏನನ್ನು ಆರಿಸಿಯಾನು? ಆ ವರ್ಷ ಸಿಂಹಾಸನದಲ್ಲಿದ್ದವನು ಇಮ್ಮಡಿ ದೇವರಾಯ. ಹೆರಾತಿನ ಶಾರುಖ್ ದೊರೆಯ ರಾಯಭಾರಿ ಅಬ್ದುಲ್ ರಜಾಕ್ ರಾಜಧಾನಿಗೆ ಬಂದು ಬೆರಗಾಗಿ ಹೋದದ್ದು ಅದರ ಹಿಂದಿನ ವರ್ಷ. ಉತ್ತರಕ್ಕೆ ಬಹಮನಿ. ಹುಡುಗ ಕಾಲ ಓಡುವ ವೇಗವನ್ನು ಐದಕ್ಕೆ ಏರಿಸಿ, ದಂಡು ಕಟ್ಟಿ ಬಹಮನಿಯ ಮೇಲೆ ಬಿದ್ದ. ಗೆದ್ದೂ ಬಿಟ್ಟ. ಸಂಧಿಯಲ್ಲಿ ಕೈಗೆ ಸಿಕ್ಕಷ್ಟು ನಾಡನ್ನು ಬಾಚಿಕೊಂಡು ನನ್ನ ಕಡೆ ನೋಡಿ ಮೀಸೆ ತಿರುವಿದ, ಮೀಸೆ ಇನ್ನೂ ಬಂದಿಲ್ಲ ಅನ್ನುವುದು ಬೇರೆ ಮಾತು.

ಮುಕ್ಕಾಲು ಗಂಟೆಯಲ್ಲಿ ರಾಜ್ಯ ಪಾಪರ್ ಆಯಿತು.

ಹೇಗಾಯಿತು ಎನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಗೇಮಿನ ಒಳಗುಟ್ಟೆಲ್ಲ ಅಲ್ಲಿದೆ. ಗೆದ್ದ ನೆಲ ತಕ್ಷಣ ನಮ್ಮದಾಗುವುದಿಲ್ಲ. ಅದನ್ನು 'ಕೋರ್' ಮಾಡಿಕೊಳ್ಳಬೇಕು, ಅಂದರೆ ನಮ್ಮ ಆಡಳಿತದೊಳಗೆ ತಂದುಕೊಳ್ಳಬೇಕು. ಅದಕ್ಕೆ ಆಡಳಿತದ ಅಂಕ ಖರ್ಚಾಗುತ್ತದೆ. ಆ ಅಂಕ ತಿಂಗಳಿಗೆ ಮೂರು ಹೇಗೂ ಸಿಗುತ್ತದೆ. ಅದರ ಮೇಲೆ ರಾಜನ ಯೋಗ್ಯತೆ ನೋಡಿಕೊಂಡು ಸೊನ್ನೆಯಿಂದ ಆರು, ಮಂತ್ರಿಯನ್ನು ಇಟ್ಟುಕೊಂಡರೆ ಇನ್ನಿಷ್ಟು. ತಂತ್ರಜ್ಞಾನದಲ್ಲಿ ಒಂದು ಮೆಟ್ಟಿಲು ಏರುವುದಕ್ಕೆ ಸುಮಾರು 600 ಬೇಕು. ಹುಡುಗ ಯುದ್ಧಕ್ಕೆ ಮುಂಚೆ ಏನೋ ಹೊಳೆಯುತ್ತಿದೆ ಎಂದು ಒತ್ತಿ, ವರ್ಷಗಟ್ಟಲೆ ಕೂಡಿದ್ದ ಅಂಕವನ್ನೆಲ್ಲ ಆ ಮೆಟ್ಟಿಲಿಗೆ ಸುರಿದಿದ್ದ. ಆಗ ಅದು ತಪ್ಪೆಂದು ಅನಿಸಲೂ ಇಲ್ಲ. ಗೆದ್ದ ನಾಡನ್ನು ಕೋರ್ ಮಾಡಲು ಹೋದರೆ ಜೇಬು ಖಾಲಿ. ಅರಗದ ನೆಲ ಹೆಚ್ಚಾದಷ್ಟೂ ದಂಗೆ. ದಂಗೆ ಅಡಗಿಸಲು ಬಾಡಿಗೆ ಸೈನಿಕರು, ಅವರ ಸಂಬಳಕ್ಕೆ ಸಾಲ, ಸಾಲಕ್ಕೆ ಬಡ್ಡಿ, ಬಡ್ಡಿ ಕಟ್ಟಲು ಮತ್ತೆ ಸಾಲ. ಇಷ್ಟರಲ್ಲಿ ಅವನ ದುರಾಸೆ ಕಂಡು ಹೆದರಿದ ನೆರೆಯವರೆಲ್ಲ ಸೇರಿ ಕೂಟ ಕಟ್ಟಿಕೊಂಡಿದ್ದರು.

"ಯುದ್ಧ ಗೆದ್ದೆನಲ್ಲ ಮಾಮ!" ಅಂದ, ಅಳುವುದೊಂದು ಬಾಕಿ.

ಅವನನ್ನು ನೋಡಿ ನನಗೆ ಡೀಟ್ರಿಶ್ ಡ್ಯೋರ್ನರ್ ನೆನಪಾದರು. ಈ ಜರ್ಮನ್ ಮನೋವಿಜ್ಞಾನಿ ಈ ಗೇಮ್ ಬರುವುದಕ್ಕೆ ಎಷ್ಟೋ ಮುಂಚೆಯೇ ಇಂಥದ್ದೊಂದು ಆಟವನ್ನು ಪ್ರಯೋಗಾಲಯದಲ್ಲಿ ಆಡಿಸಿದವರು. ಲೋಹೌಸೆನ್ ಎಂಬ ಕಾಲ್ಪನಿಕ ಪಟ್ಟಣವನ್ನು ಕಂಪ್ಯೂಟರಿನಲ್ಲಿ ಕಟ್ಟಿ, 48 ಜನರಿಗೆ ಒಬ್ಬೊಬ್ಬರಿಗೂ ಹತ್ತು ವರ್ಷದ ಮೇಯರ್‌ಗಿರಿ ಕೊಟ್ಟರು. ಒಳಗೆ ಎರಡು ಸಾವಿರಕ್ಕೂ ಮಿಕ್ಕಿದ ಅಂಶಗಳು ಒಂದಕ್ಕೊಂದು ತಳುಕು ಹಾಕಿಕೊಂಡಿದ್ದವು. ಫಲಿತಾಂಶ 1983ರಲ್ಲಿ ಪ್ರಕಟವಾಯಿತು. ಕೆಲವರು ಊರನ್ನು ಉದ್ಧಾರ ಮಾಡಿದರು, ಕೆಲವರು ಮುಳುಗಿಸಿದರು. ಬುದ್ಧಿಮತ್ತೆ ಪರೀಕ್ಷೆಯ ಅಂಕಕ್ಕೂ ಇದಕ್ಕೂ ನಂಟೇ ಕಾಣಲಿಲ್ಲ ಎಂದರು ಡ್ಯೋರ್ನರ್. ಆಮೇಲೆ ಬಂದ ಸಂಶೋಧಕರು ಅದಕ್ಕೆ ತಕರಾರು ತೆಗೆದಿದ್ದಾರೆ. ಆದರೆ ಮುಳುಗಿಸಿದವರ ನಡೆ ಮಾತ್ರ ಗೇಮ್ ಆಡುವ ಎಲ್ಲರಿಗೂ ಪರಿಚಿತವಾದದ್ದೇ. ಅವರು ಒಂದು ವಿಷಯ ಮುಗಿಸದೆ ಇನ್ನೊಂದಕ್ಕೆ ಹಾರುತ್ತಿದ್ದರು. ಏನಾಯಿತು ಎಂದು ಕೇಳುತ್ತಿದ್ದರು, ಯಾಕಾಯಿತು ಎಂದು ಕೇಳುತ್ತಿದ್ದದ್ದು ಕಡಿಮೆ. ಊರಿನ ಕಾರ್ಖಾನೆ ಕುಸಿಯುತ್ತಿರುವಾಗ ಒಬ್ಬರು, ಪಿಂಚಣಿದಾರರು ಟೆಲಿಫೋನ್ ಬೂತಿಗೆ ಎಷ್ಟು ದೂರ ನಡೆಯಬೇಕು ಎಂದು ಲೆಕ್ಕ ಹಾಕುತ್ತ ಕೂತಿದ್ದರಂತೆ. ನಾನೂ ಒಮ್ಮೆ, ರಾಜಧಾನಿಗೆ ಶತ್ರು ಮುತ್ತಿಗೆ ಹಾಕಿದ್ದಾಗ, ಹಡಗುಗಳಿಗೆ ಹೆಸರಿಡುತ್ತ ಕೂತಿದ್ದೆ.

ಡ್ಯೋರ್ನರ್ ಅವರ ಇನ್ನೊಂದು ಪ್ರಯೋಗದಲ್ಲಿ ಉಗ್ರಾಣದ ಶೈತ್ಯಯಂತ್ರದ ತಿರುಪನ್ನು ತಿರುಗಿಸಿ ಉಷ್ಣತೆಯನ್ನು ಹದಕ್ಕೆ ತರಬೇಕಿತ್ತು. ಅಷ್ಟೇ ಕೆಲಸ. ಆದರೆ ತಿರುಗಿಸಿದ್ದರ ಪರಿಣಾಮ ತಡವಾಗಿ ಕಾಣುತ್ತಿತ್ತು. ಜನ ಕಾಯದೆ ಮತ್ತೆ ಮತ್ತೆ ತಿರುಗಿಸಿ, ಒಮ್ಮೆ ಅತಿ ತಂಪು ಒಮ್ಮೆ ಅತಿ ಬಿಸಿ ಮಾಡಿಬಿಟ್ಟರು. ನೆಂಟರ ಮನೆಯ ಗೀಸರ್ ನಲ್ಲಿಯಡಿ ನಿಂತು ಚರ್ಮ ಸುಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇಮಿನಲ್ಲಿ ಆ ತಡ ನಿಮಿಷಗಳದ್ದಲ್ಲ. ಯುದ್ಧದಲ್ಲಿ ಬರಿದಾದ ಜನಬಲ ಮತ್ತೆ ತುಂಬಲು ಹತ್ತು ವರ್ಷ ಹಿಡಿಯುತ್ತದೆ. ಈಗಿನ ಸೋಲಿನ ಬೇರು ಯಾವಾಗಲೋ ಒತ್ತಿದ, ಮರೆತೂ ಹೋದ ಗುಂಡಿಯಲ್ಲಿರುತ್ತದೆ.

ಹೊಸಬರ ಇನ್ನೊಂದು ಕಷ್ಟ ತಲೆಯೊಳಗಿನ ಜಾಗದ್ದು. ಮನುಷ್ಯ ಏಕಕಾಲಕ್ಕೆ ಮನಸ್ಸಿನಲ್ಲಿ ಹಿಡಿದಿಡಬಲ್ಲ ಸಂಗತಿಗಳು ಏಳರ ಆಸುಪಾಸು ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕಕ್ಕೆ ಇಳಿಸಿದರು. ಈ ಪರದೆಯ ಮೇಲೆ ನೂರು ಇವೆ. ಹಾಗಾದರೆ ಪಳಗಿದವರು ಹೇಗೆ ಆಡುತ್ತಾರೆ? ಅವರ ತಲೆಯೇನೂ ದೊಡ್ಡದಲ್ಲ. 1973ರಲ್ಲಿ ಚೇಸ್ ಮತ್ತು ಸೈಮನ್ ತೋರಿಸಿದ ಹಾಗೆ, ಚೆಸ್ ಪಟುಗಳು ನಡೆಯುತ್ತಿರುವ ಆಟದ ಮಣೆಯನ್ನು ಕೆಲವೇ ಸೆಕೆಂಡು ನೋಡಿ ಕಾಯಿಗಳನ್ನು ಹಾಗೆಯೇ ಜೋಡಿಸಬಲ್ಲರು. ಕಾಯಿಗಳನ್ನು ಮನಬಂದಂತೆ ಚೆಲ್ಲಿ ಇಟ್ಟರೆ ಹೊಸಬರಿಗಿಂತ ಹೆಚ್ಚೇನೂ ನೆನಪಿಡಲಾರರು. ಅವರು ನೋಡುವುದು ಕಾಯಿಗಳನ್ನಲ್ಲ, ಗೊಂಚಲುಗಳನ್ನು. ಸಾಲ, ಬಡ್ಡಿ, ದಂಗೆ, ಬಾಡಿಗೆ ದಂಡು ಹುಡುಗನಿಗೆ ನಾಲ್ಕು ಬೇರೆ ಬೇರೆ ಚಿತ್ರಗಳು. ನನಗೆ ಅವೆಲ್ಲ ಸೇರಿ ಒಂದೇ: 'ಜಾಸ್ತಿ ನುಂಗಿದ್ದೀಯ'.

ಗೊಂಚಲು ಕಟ್ಟಿಕೊಳ್ಳುವುದಕ್ಕೆ ಅಡ್ಡದಾರಿ ಇಲ್ಲ. ಆದರೆ ಹೊರೆ ಇಳಿಸಬಹುದು. ಮರುದಿನ ಅವನಿಗೆ ಪೋರ್ಚುಗಲ್ ಕೊಟ್ಟೆ. ಮುಖ ಊದಿಸಿಕೊಂಡ. ಪೋರ್ಚುಗಲ್‌ಗೆ ಮನೆಯ ಪಕ್ಕದಲ್ಲಿ ಒಬ್ಬನೇ ನೆರೆಯವ, ಕ್ಯಾಸ್ಟೀಲ್. ಅವನ ಸ್ನೇಹ ಕಟ್ಟಿಕೊಂಡು ಸಮುದ್ರದ ಕಡೆ ಮುಖ ಮಾಡಿದರೆ ಆಯಿತು. ವೇಗ ಎರಡು. ಯಾವ ಚೀಟಿ ಎದ್ದುಬಂದರೂ ಮೊದಲು ಸ್ಪೇಸ್ ಬಾರ್ ಒತ್ತಿ ಕಾಲವನ್ನು ನಿಲ್ಲಿಸಬೇಕು. ಅಂಕಿಯ ಮೇಲೆ ಮೌಸ್ ಇಟ್ಟರೆ ಅದು ಎಲ್ಲಿಂದ ಬಂತೆಂದು ಗೇಮೇ ಹೇಳುತ್ತದೆ, ಅದನ್ನು ಓದಬೇಕು. ಮೊದಲ ಇಪ್ಪತ್ತು ವರ್ಷ ತಿಂಗಳ ಜಮಾಖರ್ಚು, ಆಡಳಿತದ ಅಂಕ, ನೆರೆಯವರ ಮನಸ್ಸು, ಇಷ್ಟರ ಮೇಲಷ್ಟೇ ಕಣ್ಣು. ಉಳಿದ ಗುಂಡಿಗಳು ಇಲ್ಲವೆಂದೇ ತಿಳಿ ಅಂದೆ. ಯೂಟ್ಯೂಬಿನ ನಾಲ್ಕು ಗಂಟೆಯ ಪಾಠಗಳನ್ನು ಮೊದಲೇ ನೋಡುವುದು ದಂಡ. ಪ್ರಶ್ನೆ ಹುಟ್ಟುವ ಮುಂಚೆ ಬಂದ ಉತ್ತರ ತಲೆಯಲ್ಲಿ ನಿಲ್ಲುವುದಿಲ್ಲ.

ಮೂರನೆಯ ದಿನ ಅವನೇ ವ್ಯಾಪಾರದ ನಕ್ಷೆ ತೆರೆದ. "ಮಾಮ, ಬಾಣಗಳೆಲ್ಲ ಒಂದೇ ಕಡೆ ಹೋಗ್ತವಲ್ಲ?" ಸರಿಯಾಗಿ ಹಿಡಿದಿದ್ದ. ಈ ಗೇಮಿನಲ್ಲಿ ವ್ಯಾಪಾರದ ಹಣ ನಿಗದಿಯಾದ ದಾರಿಗಳಲ್ಲಿ ಹರಿದು, ಕೊನೆಗೆ ಸೇರುವುದು ವೆನಿಸ್, ಜಿನೋವಾ ಅಥವಾ ಇಂಗ್ಲಿಷ್ ಕಾಲುವೆಯನ್ನು. ನೀವು ಎಷ್ಟೇ ಬಲಿಷ್ಠರಾದರೂ ಕೋರಮಂಡಲದ ಕಡೆಗೆ ಯೂರೋಪಿನ ಹಣವನ್ನು ತಿರುಗಿಸುವಂತಿಲ್ಲ. ನಿಜದ ಚರಿತ್ರೆಯಲ್ಲಿ ನಡೆದದ್ದು ಬೇರೆ. ನಮ್ಮ ಮೆಣಸಿಗೆ, ಬಟ್ಟೆಗೆ ಬದಲಾಗಿ ಕೊಡಲು ಯೂರೋಪಿನವರ ಬಳಿ ಬೇಕಾದ ಸರಕಿರಲಿಲ್ಲ. ಅಮೆರಿಕದ ಗಣಿಗಳ ಬೆಳ್ಳಿ ಹಡಗು ಹಡಗಾಗಿ ಪೂರ್ವಕ್ಕೆ ಹರಿಯಿತು. ಬಾಣಗಳನ್ನು ಬರೆದವರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಲೆಕ್ಕ ಸರಳವಾಗಬೇಕಿತ್ತು, ಒಂದು ಕೊನೆ ಬೇಕಿತ್ತು, ಆ ಕೊನೆಯನ್ನು ಅವರು ತಮ್ಮ ಮನೆಯ ಹತ್ತಿರ ಇಟ್ಟುಕೊಂಡರು. ಹವಾಮಾನದ್ದಿರಲಿ ಆರ್ಥಿಕತೆಯದ್ದಿರಲಿ, ಯಾವ ಮಾದರಿಯನ್ನು ಕೈಗೆತ್ತಿಕೊಂಡರೂ ನಾನೀಗ ಮೊದಲು ಹುಡುಕುವುದು ಬಾಣ ಯಾವ ಕಡೆಗಿದೆ ಎನ್ನುವುದನ್ನು.

2025ರ ನವೆಂಬರಿನಲ್ಲಿ ಬಂದ ಐದನೆಯ ಭಾಗ 1337ರಿಂದ ಶುರುವಾಗುತ್ತದೆ. ಹೊಯ್ಸಳರ ಮುಮ್ಮಡಿ ಬಲ್ಲಾಳ ಆಗಿನ್ನೂ ಬದುಕಿದ್ದ. ಅದನ್ನು ಹುಡುಗನಿಗೆ ಸದ್ಯಕ್ಕೆ ಹೇಳಿಲ್ಲ.

ಊರಿಗೆ ಹೊರಡುವ ಹಿಂದಿನ ಸಂಜೆ ಅವನು ಮತ್ತೆ ವಿಜಯನಗರವನ್ನೇ ತೆರೆದು ಕೂತ. ಊಟಕ್ಕೆ ಕರೆಯಲು ಬಂದ ಅಕ್ಕ ಹಿಂದಿನಿಂದ ಇಣುಕಿ, "ಏನೋ ಇದು, ಆಗಿನಿಂದ ಒಂದೇ ಚಿತ್ರ ನೋಡ್ತಾ ಕೂತಿದ್ದೀಯ?" ಅಂದಳು. ಪರದೆಯ ಮೂಲೆಯಲ್ಲಿ ತಾರೀಖು ಇನ್ನೂ 1444ರ ನವೆಂಬರ್ 11. ಮೌಸ್ ಬಹಮನಿಯ ಗಡಿಯ ಮೇಲೆ ನಿಂತಿತ್ತು.

"ಆಡ್ತಾ ಇದ್ದೀನಮ್ಮ," ಅಂದ.