ಮೂರು ವರ್ಷಕ್ಕೆಂದು ಬಂದವರು ಉಳಿದೇಬಿಟ್ಟರು

1950ರ ದಶಕದ ಕೊನೆಯಲ್ಲಿ ‘ದಿ ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಇಥಿಯೋಪಿಯದ ರಾಜಧಾನಿ ಅಡಿಸ್ ಅಬಾಬದ ಪ್ರಿನ್ಸೆಸ್ ತ್ಸೆಹಾಯ್ ಆಸ್ಪತ್ರೆಯಲ್ಲಿ ಸೂಲಗಿತ್ತಿಯರಿಗೆ ತರಬೇತಿ ಶಾಲೆ ತೆರೆಯಬೇಕು, ಅದಕ್ಕೆ ಪ್ರಸೂತಿ ತಜ್ಞರು ಬೇಕು ಎಂಬುದು ಅದರ ಸಾರ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಹೆರಿಗೆ ವೈದ್ಯರಾಗಿದ್ದ ಕ್ಯಾಥರೀನ್ ಹ್ಯಾಮ್ಲಿನ್ ಮತ್ತು ಅವರ ಪತಿ, ನ್ಯೂಜಿಲೆಂಡ್ ಮೂಲದ ರೆಜಿನಾಲ್ಡ್ ಹ್ಯಾಮ್ಲಿನ್ ಅದಕ್ಕೆ ಓಗೊಟ್ಟರು. 1959ರಲ್ಲಿ ಪುಟ್ಟ ಮಗನ ಕೈಹಿಡಿದು ಆ ಊರಿಗೆ ಬಂದಿಳಿದರು. ಒಪ್ಪಂದ ಇದ್ದದ್ದು ಮೂರು ವರ್ಷಕ್ಕೆ. ರೆಜಿನಾಲ್ಡ್ 1993ರಲ್ಲಿ ತೀರಿಕೊಂಡರು. ಕ್ಯಾಥರೀನ್ 2020ರ ಮಾರ್ಚ್ 18ರಂದು, ತಮ್ಮ 96ನೇ ವಯಸ್ಸಿನಲ್ಲಿ, ಅಡಿಸ್ ಅಬಾಬದ ತಮ್ಮ ಮನೆಯಲ್ಲೇ ಕೊನೆಯುಸಿರೆಳೆದರು. ಆ ಅರವತ್ತು ವರ್ಷಗಳಲ್ಲಿ ಅವರು ಕಟ್ಟಿದ ಸಂಸ್ಥೆಯೇ ಅಡಿಸ್ ಅಬಾಬ ಫಿಸ್ಟುಲಾ ಆಸ್ಪತ್ರೆ.

ಫಿಸ್ಟುಲಾ ಎಂದರೆ ಏನೆಂದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಗೊತ್ತಿರುವವರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆರಿಗೆ ನೋವು ಶುರುವಾದ ಬಸುರಿಗೆ ಮಗು ಹೊರಬರುವ ದಾರಿ ಸಾಲುವುದಿಲ್ಲ ಎಂದುಕೊಳ್ಳಿ. ಹತ್ತಿರದಲ್ಲಿ ಆಸ್ಪತ್ರೆ ಇದ್ದರೆ ಸಿಸೇರಿಯನ್ ಮಾಡುತ್ತಾರೆ, ತಾಯಿ ಮಗು ಇಬ್ಬರೂ ಉಳಿಯುತ್ತಾರೆ. ಇಥಿಯೋಪಿಯದ ಎತ್ತರದ ಗುಡ್ಡಗಾಡಿನ ಹಳ್ಳಿಗಳಲ್ಲಿ ರಸ್ತೆ ಸಿಗುವುದಕ್ಕೇ ದಿನಗಟ್ಟಲೆ ನಡೆಯಬೇಕಿತ್ತು. ಅಲ್ಲಿ ಆ ಹೆಂಗಸು ಎರಡು, ಮೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ದಿನ ಬೇನೆ ತಿನ್ನುತ್ತಾ ಗುಡಿಸಲಲ್ಲಿ ಮಲಗಿರುತ್ತಾಳೆ. ಮಗುವಿನ ತಲೆ ಅವಳ ಸೊಂಟದ ಎಲುಬಿಗೆ ಒತ್ತಿಕೊಂಡೇ ಇರುತ್ತದೆ. ನಡುವೆ ಸಿಕ್ಕಿಕೊಂಡ ಮಾಂಸಕ್ಕೆ ರಕ್ತ ಹರಿಯದೆ ಅದು ಕೊಳೆತು ತೂತಾಗುತ್ತದೆ. ಮಗು ಬಹುಪಾಲು ಉಳಿಯುವುದಿಲ್ಲ. ಕೆಲವು ದಿನ ಕಳೆದ ಮೇಲೆ ಮೂತ್ರಕೋಶದಿಂದ ಆ ತೂತಿನ ಮೂಲಕ ಮೂತ್ರ ಸೋರತೊಡಗುತ್ತದೆ. ಕೆಲವರಿಗೆ ಮಲವೂ ಸೋರುತ್ತದೆ. ಹಗಲಿಲ್ಲ, ರಾತ್ರಿಯಿಲ್ಲ, ತಡೆಯುವ ದಾರಿಯೂ ಇಲ್ಲ. ವಾಸನೆಗೆ ಗಂಡ ದೂರವಾಗುತ್ತಾನೆ. ಮನೆಯ ಹಿಂದೊಂದು ಬೇರೆ ಗುಡಿಸಲು ಸಿದ್ಧವಾಗುತ್ತದೆ. ಬಸ್ಸಿನಲ್ಲಿ ಪಕ್ಕ ಕೂರಲು ಯಾರೂ ಒಪ್ಪುವುದಿಲ್ಲ. ಹೀಗೆ ಆದವರಲ್ಲಿ ಎಷ್ಟೋ ಮಂದಿ ಹದಿನಾರು ಹದಿನೇಳರ ಹುಡುಗಿಯರು. ಚೊಚ್ಚಲ ಕೂಸನ್ನು ಕಳೆದುಕೊಂಡ ದುಃಖಕ್ಕೂ ಅವರಿಗೆ ಬಿಡುವು ಸಿಗುತ್ತಿರಲಿಲ್ಲ.

ಶ್ರೀಮಂತ ದೇಶಗಳು ಈ ಕಾಯಿಲೆಯನ್ನು ಬಹುಮಟ್ಟಿಗೆ ಮರೆತೇಬಿಟ್ಟಿವೆ. 19ನೇ ಶತಮಾನದಲ್ಲಿ ಅಮೆರಿಕದ ಜೆ. ಮರಿಯನ್ ಸಿಮ್ಸ್ ಇದಕ್ಕೆ ಶಸ್ತ್ರಚಿಕಿತ್ಸೆ ಕಂಡುಹಿಡಿದರು, ನ್ಯೂಯಾರ್ಕಿನಲ್ಲಿ ಅದಕ್ಕೆಂದೇ ಆಸ್ಪತ್ರೆಯೂ ನಡೆಯಿತು. ಸಿಮ್ಸ್ ತಮ್ಮ ಪ್ರಯೋಗ ನಡೆಸಿದ್ದು ಗುಲಾಮ ಹೆಂಗಸರ ಮೇಲೆ, ಅರಿವಳಿಕೆ ಕೊಡದೆ. ಈ ವಿದ್ಯೆಯ ಚರಿತ್ರೆ ಹೇಳುವವರು ಆ ಹೆಂಗಸರ ನೋವನ್ನು ಬಿಟ್ಟು ಹೇಳಬಾರದು. ಹೆರಿಗೆಯ ವ್ಯವಸ್ಥೆ ಸುಧಾರಿಸಿದಂತೆ ಪಶ್ಚಿಮದಲ್ಲಿ ರೋಗಿಗಳೇ ಇಲ್ಲವಾದರು, ವೈದ್ಯರಿಗೂ ಆ ಕೈಚಳಕ ಬೇಕಾಗಲಿಲ್ಲ. ಹ್ಯಾಮ್ಲಿನ್ ದಂಪತಿ ಕೂಡ ಸಿಡ್ನಿಯಲ್ಲಿ ಇಂಥ ರೋಗಿಗಳನ್ನು ಕಂಡವರಲ್ಲ. ಹಳೆಯ ಪುಸ್ತಕ, ಕೈರೋದ ಪ್ರಸೂತಿ ತಜ್ಞ ನಗೀಬ್ ಮಹಫೂಜ್ ಅವರ ಬರಹ, ಇವನ್ನು ಮುಂದಿಟ್ಟುಕೊಂಡು ಕಲಿತರು. ಒಬ್ಬಳು ಗುಣವಾಗಿ ಊರಿಗೆ ಹೋದಳೆಂದರೆ ಸುದ್ದಿ ಹಬ್ಬುತ್ತಿತ್ತು. ಮರುತಿಂಗಳು ಬಾಗಿಲಲ್ಲಿ ಇನ್ನಷ್ಟು ಮಂದಿ ನಿಂತಿರುತ್ತಿದ್ದರು.

ಸಾಮಾನ್ಯ ಆಸ್ಪತ್ರೆಯಲ್ಲಿ ಇವರನ್ನು ಇಟ್ಟುಕೊಳ್ಳುವುದು ಸುಲಭವಿರಲಿಲ್ಲ. ಉಳಿದ ರೋಗಿಗಳು ಮೂಗು ಮುಚ್ಚಿಕೊಳ್ಳುತ್ತಿದ್ದರು. ಇವರಿಗೇ ಒಂದು ಜಾಗ ಬೇಕೆಂದು ದಂಪತಿ ಊರೂರು, ದೇಶದೇಶ ತಿರುಗಿ ದುಡ್ಡು ಕೂಡಿಸಿದರು. ನದಿಯೊಂದರ ದಂಡೆಯಲ್ಲಿ 1974ರಲ್ಲಿ ಫಿಸ್ಟುಲಾ ಆಸ್ಪತ್ರೆ ತೆರೆಯಿತು. ಅದೇ ವರ್ಷ ಚಕ್ರವರ್ತಿ ಹೈಲೆ ಸೆಲಾಸಿ ಪದಚ್ಯುತರಾಗಿ ಸೈನಿಕ ಆಡಳಿತ ಬಂತು. ಎಷ್ಟೋ ವಿದೇಶಿಯರು ಗಂಟುಮೂಟೆ ಕಟ್ಟಿದರು. ಹ್ಯಾಮ್ಲಿನ್ ದಂಪತಿ ಕದಲಲಿಲ್ಲ. ಆ ಹದಿನೇಳು ವರ್ಷಗಳ ಆಡಳಿತವೂ ಕಳೆಯಿತು, ಬರವೂ ಬಂದುಹೋಯಿತು. ಚಿಕಿತ್ಸೆ ಅಂದಿನಿಂದ ಇಂದಿನವರೆಗೂ ಉಚಿತ.

ಶಸ್ತ್ರಚಿಕಿತ್ಸೆ ಮುಗಿದ ಕೊನೆಯಲ್ಲಿ ವೈದ್ಯರು ಮೂತ್ರಕೋಶಕ್ಕೆ ನೀಲಿ ಬಣ್ಣ ಬೆರೆಸಿದ ನೀರು ತುಂಬಿ ನೋಡುತ್ತಾರೆ. ಹೊಲಿಗೆಯ ಸುತ್ತ ಇಟ್ಟ ಬಟ್ಟೆಗೆ ನೀಲಿ ಹತ್ತದಿದ್ದರೆ ತೂತು ಮುಚ್ಚಿದೆ ಎಂದರ್ಥ. ಆಮೇಲೆ ಎರಡು ವಾರದಷ್ಟು ಕಾಲ ಮೂತ್ರ ಹೊರಹರಿಸುವ ಕ್ಯಾತಿಟರ್ ಕೊಳವೆ ಇರುತ್ತದೆ. ಹೊಲಿಗೆ ಮೇಲೆ ಒತ್ತಡ ಬೀಳದಂತೆ ಕೊಳವೆ ಸದಾ ಹರಿಯುತ್ತಿರಬೇಕು. ಅದು ಕಟ್ಟಿಕೊಂಡರೆ ಇಷ್ಟೂ ಕೆಲಸ ಕೈತಪ್ಪಿತು. ಆದ್ದರಿಂದ ದಾದಿಯರು ಹಗಲೂರಾತ್ರಿ ಕೊಳವೆ ನೋಡುತ್ತಾರೆ, ಹೆಂಗಸರಿಗೆ ನೀರು ಕುಡಿ ಕುಡಿ ಎಂದು ಒತ್ತಾಯಿಸುತ್ತಾರೆ. ಸೋರುವುದು ಕಡಿಮೆಯಾಗಲಿ ಎಂದು ವರ್ಷಗಟ್ಟಲೆ ನೀರು ಕುಡಿಯುವುದನ್ನೇ ಬಿಟ್ಟವರು, ಮುದುಡಿ ಮಲಗಿ ಮಲಗಿ ಕಾಲು ಚಾಚಲಾಗದಂತಾದವರು ಅವರು. ನಡಿಗೆಯನ್ನೂ ಹೊಸದಾಗಿ ಕಲಿಸಬೇಕಾಗುತ್ತದೆ. ಕೊಳವೆ ತೆಗೆದ ಬೆಳಿಗ್ಗೆ ಹಾಸಿಗೆ ಒಣಗಿದ್ದರೆ ಮನೆಗೆ ಹೋಗುವ ದಿನ ಹತ್ತಿರ ಬಂತೆಂದು ಲೆಕ್ಕ. ಹೊರಡುವ ದಿನ ಪ್ರತಿಯೊಬ್ಬರಿಗೂ ಆಸ್ಪತ್ರೆಯಿಂದ ಹೊಸ ಉಡುಪು ಕೊಡುತ್ತಾರೆ. ಈ ರೂಢಿ ಹುಟ್ಟಿದ್ದು ಹ್ಯಾಮ್ಲಿನ್ ದಂಪತಿಯ ಕಾಲದಲ್ಲೇ. ಹಳೆಯ ಬಟ್ಟೆಯ ವಾಸನೆ ಹೊತ್ತು ಯಾರೂ ತವರಿಗೆ ಹೋಗಬಾರದು ಎಂಬ ಕಾಳಜಿ ಅದರ ಹಿಂದಿದೆ. ನನ್ನ ಮಟ್ಟಿಗೆ ಈ ಆಸ್ಪತ್ರೆಯ ಗುಣವೆಲ್ಲ ಆ ಒಂದು ಉಡುಪಿನಲ್ಲಿ ಕಾಣುತ್ತದೆ.

ಮಮಿತು ಗಾಶೆ ಅವರ ಹೆಸರು ಹೇಳದೆ ಈ ಆಸ್ಪತ್ರೆಯ ಪರಿಚಯ ಮುಗಿಯುವುದಿಲ್ಲ. 1960ರ ದಶಕದ ಮೊದಲಲ್ಲಿ, ಹದಿಹರೆಯದಲ್ಲಿ, ಮಗುವನ್ನು ಕಳೆದುಕೊಂಡು ಗಾಯದೊಂದಿಗೆ ಅವರು ಹ್ಯಾಮ್ಲಿನ್ ದಂಪತಿಯ ಬಳಿಗೆ ಬಂದರು. ಓದು ಬರಹ ತಿಳಿಯದು. ಅವರ ಗಾಯ ಒಂದೇ ಶಸ್ತ್ರಚಿಕಿತ್ಸೆಗೆ ವಾಸಿಯಾಗುವಂಥದ್ದಾಗಿರಲಿಲ್ಲ, ಅಲ್ಲೇ ಉಳಿಯಬೇಕಾಯಿತು. ಸುಮ್ಮನೆ ಕೂರಲಾರದೆ ಹಾಸಿಗೆ ಹಾಸಿದರು, ಬೇರೆ ಹುಡುಗಿಯರ ಮೈ ತೊಳೆದರು. ಆಮೇಲೆ ಆಪರೇಷನ್ ಕೋಣೆಯಲ್ಲಿ ಸಲಕರಣೆ ಎತ್ತಿಕೊಡಲು ನಿಂತರು. ಅವರ ಕೈಯ ಚುರುಕು ಕಂಡ ರೆಜಿನಾಲ್ಡ್ ಹೊಲಿಗೆ ಹಾಕಲು ಕಲಿಸಿದರು. ಫಿಸ್ಟುಲಾ ಶಸ್ತ್ರಚಿಕಿತ್ಸೆ ನಡೆಯುವುದು ಕಣ್ಣಿಗೆ ಸರಿಯಾಗಿ ಕಾಣದ, ಬೆರಳು ಆಡಿಸಲೂ ಜಾಗವಿಲ್ಲದ ಆಳದಲ್ಲಿ. ಸೂಜಿ ಎಲ್ಲಿ ಚುಚ್ಚಬೇಕು ಎಂಬುದನ್ನು ಬೆರಳ ತುದಿಯೇ ಹೇಳಬೇಕು. ಮಮಿತು ಅದರಲ್ಲಿ ಪಳಗಿದರು. ಪದವಿ ಪಡೆದ ಶಸ್ತ್ರವೈದ್ಯರು ಹೊರದೇಶಗಳಿಂದ ಬಂದು ಅವರ ಪಕ್ಕ ನಿಂತು ಕಲಿತರು. 1989ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಹ್ಯಾಮ್ಲಿನ್ ದಂಪತಿಯೊಂದಿಗೆ ಮಮಿತು ಅವರಿಗೂ ಚಿನ್ನದ ಪದಕ ಕೊಟ್ಟು ಗೌರವಿಸಿತು. ಅವರೊಬ್ಬರೇ ಅಲ್ಲ, ಅಲ್ಲಿನ ಶುಶ್ರೂಷೆಯ ಸಹಾಯಕಿಯರಲ್ಲಿ ಬಹಳ ಮಂದಿ ಹಿಂದೆ ರೋಗಿಗಳಾಗಿ ಬಂದವರೇ. ಹೊಸದಾಗಿ ಬಂದ ಹುಡುಗಿ ನಾಚಿಕೆಯಿಂದ ಗೋಡೆಗೆ ಮುಖ ಮಾಡಿ ಮಲಗಿದಾಗ, ನಿನಗಾದದ್ದೇ ನನಗೂ ಆಗಿತ್ತು ಎಂದು ಹೇಳಬಲ್ಲವರು ಅವರು. ಯಾವ ವೈದ್ಯರಿಗೂ ಆ ಮಾತು ಹೇಳಲು ಬರುವುದಿಲ್ಲ.

ಕ್ಯಾಥರೀನ್ ಆಂಗ್ಲಿಕನ್ ಪಂಗಡದ ಶ್ರದ್ಧಾವಂತ ಕ್ರೈಸ್ತೆ. ಪ್ರಾರ್ಥನೆ ಅವರ ದಿನಚರಿಯ ಭಾಗ. ದೇವರೇ ತಮ್ಮನ್ನು ಇಲ್ಲಿಗೆ ಕರೆತಂದ ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ವಿದೇಶದಲ್ಲಿ ಸೇವೆ ಮಾಡುವ ಕ್ರೈಸ್ತರ ವಿಷಯ ಬಂದಾಗ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ ಮತಾಂತರದ್ದು. ಕೇಳಬೇಕಾದ ಪ್ರಶ್ನೆಯೇ. ಆದರೆ ಇಥಿಯೋಪಿಯದಲ್ಲಿ ಅರಸ ಎಜಾನಾ ಕ್ರೈಸ್ತನಾದದ್ದು 4ನೇ ಶತಮಾನದಲ್ಲಿ. ಆ ನಾಡಿಗೆ ಹೊರಗಿನವರು ಯೇಸುವಿನ ಹೆಸರು ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಆಸ್ಪತ್ರೆಗೆ ಬರುವವರಲ್ಲಿ ಆರ್ಥೊಡಾಕ್ಸ್ ಕ್ರೈಸ್ತರೂ ಮುಸ್ಲಿಮರೂ ಇದ್ದಾರೆ, ಅಕ್ಕಪಕ್ಕದ ಹಾಸಿಗೆಯಲ್ಲೇ ಇರುತ್ತಾರೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ಎಲ್ಲರಿಂದ ದೂರವಾಗಿ, ಜನಜಂಗುಳಿಯಲ್ಲಿ ಯೇಸುವಿನ ಉಡುಪಿನ ಅಂಚು ಮುಟ್ಟಿದ ಹೆಂಗಸೊಬ್ಬಳ ಕಥೆ ಸುವಾರ್ತೆಗಳಲ್ಲಿದೆ. ಅವಳನ್ನು ಮಗಳೇ ಎಂದು ಕರೆದು ಕಳಿಸಿದ ಗುರುವನ್ನು ನಂಬಿದವರು ಈ ವಾರ್ಡಿನಲ್ಲಿ ಮಾಡಬೇಕಾದ ಕೆಲಸ ಯಾವುದೆಂದು ಕ್ಯಾಥರೀನ್ ಅವರಿಗೆ ಅನುಮಾನವೇ ಇರಲಿಲ್ಲವೆಂದು ನನಗೆ ತೋರುತ್ತದೆ.

ಕೃತಜ್ಞತೆ ಎಂದರೆ ಪಡೆದವರು ಕೊಟ್ಟವರಿಗೆ ಕೈಮುಗಿಯುವುದು ಎಂದು ನಾವು ಅಂದುಕೊಂಡಿದ್ದೇವೆ. ಗುಣವಾದ ಹೆಂಗಸರು ಕ್ಯಾಥರೀನ್ ಅವರ ಕೈಗೆ, ಕಾಲಿಗೆ ಮುತ್ತಿಡುತ್ತಿದ್ದದ್ದು ನಿಜ. ಆದರೆ ಸಲ್ಲಿಸಬೇಕಾದ ಋಣ ತಮ್ಮ ಕಡೆಯದೆಂದೇ ಕ್ಯಾಥರೀನ್ ನಡೆದುಕೊಂಡರು. ಇಂಥ ಕೆಲಸ ಮಾಡಲು ಸಿಕ್ಕಿತಲ್ಲ ಎಂದು ದೇವರಿಗೆ, ತಮ್ಮನ್ನು ನಂಬಿ ದಿನಗಟ್ಟಲೆ ನಡೆದು ಬಂದರಲ್ಲ ಎಂದು ಆ ಹೆಂಗಸರಿಗೆ. 1993ರಲ್ಲಿ ಪತಿ ತೀರಿಕೊಂಡಾಗ ಮುಂದೆ ಹೇಗೆಂದು ಅವರು ಕುಸಿದಿದ್ದರು. ಮನೆಯಲ್ಲಿ ನೆರವಿಗಿದ್ದ ಇಥಿಯೋಪಿಯದವರೊಬ್ಬರು ಮಂಡಿಯೂರಿ, ನಮ್ಮನ್ನು ಬಿಟ್ಟು ಹೋಗಬೇಡಿ, ನಾವೆಲ್ಲ ಇದ್ದೇವೆ ಎಂದು ಬೇಡಿಕೊಂಡರು. ಆಸ್ಪತ್ರೆಯ ಆವರಣದ ಮಣ್ಣುಗೋಡೆಯ ಮನೆಯಲ್ಲೇ ಕ್ಯಾಥರೀನ್ ಮುಂದೆ ಇಪ್ಪತ್ತಾರು ವರ್ಷ ಇದ್ದರು. ತೊಂಬತ್ತರ ಹತ್ತಿರಕ್ಕೆ ಬಂದರೂ ಶಸ್ತ್ರಚಿಕಿತ್ಸೆ ಬಿಡಲಿಲ್ಲ. 2009ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಬಹಿರ್ ದಾರ್, ಮೆಕೆಲೆ, ಯಿರ್ಗಾಲೆಮ್, ಹರಾರ್, ಮೆಟು ಊರುಗಳಲ್ಲಿ ಈಗ ಸಂಸ್ಥೆಯ ಶಾಖಾ ಆಸ್ಪತ್ರೆಗಳಿವೆ. ಕ್ಯಾಥರೀನ್ ಬದುಕಿದ್ದಾಗಲೇ ಚಿಕಿತ್ಸೆ ಪಡೆದವರ ಸಂಖ್ಯೆ 60,000 ದಾಟಿತ್ತು. ಎಲ್ಲ ಗಾಯಗಳೂ ವಾಸಿಯಾಗುವುದಿಲ್ಲ. ಮೂತ್ರಕೋಶವೇ ಹಾಳಾಗಿ, ಹೊಟ್ಟೆಯ ಹೊರಗೆ ಚೀಲ ಕಟ್ಟಿಕೊಂಡೇ ಬಾಳಬೇಕಾದವರಿಗಾಗಿ ಅಡಿಸ್ ಅಬಾಬದ ಹೊರಗೆ ದೆಸ್ತಾ ಮೆಂದರ್ ಎಂಬ ಊರನ್ನೇ ಕಟ್ಟಿದ್ದಾರೆ. ಅಲ್ಲಿ ಅವರು ಕೆಲಸ ಕಲಿಯುತ್ತಾರೆ, ದುಡಿಯುತ್ತಾರೆ. ತೂತು ಹೊಲಿಯುತ್ತಲೇ ಕೂತರೆ ಕೆಲಸ ಮುಗಿಯುವುದಿಲ್ಲವೆಂದು 2007ರಲ್ಲಿ ಸೂಲಗಿತ್ತಿಯರ ಕಾಲೇಜು ತೆರೆದರು. ಹಳ್ಳಿಗಾಡಿನ ಹುಡುಗಿಯರನ್ನು ಆರಿಸಿ, ಪದವಿಯವರೆಗೆ ಓದಿಸಿ, ಅವರವರ ಸೀಮೆಗೇ ವಾಪಸು ಕಳಿಸುತ್ತಾರೆ. 1950ರ ದಶಕದ ಆ ಜಾಹೀರಾತಿನ ಕೆಲಸ ಹೀಗೆ ದೊಡ್ಡದಾಗಿ ಕೈಗೂಡಿತು. ಹೊರಗಿನವರು ಶುರುಮಾಡಿದ್ದನ್ನು ಈಗ ನಡೆಸುತ್ತಿರುವವರು ಇಥಿಯೋಪಿಯದ ವೈದ್ಯರು, ದಾದಿಯರು, ಆಡಳಿತಗಾರರೇ. ಹೊರದೇಶದಲ್ಲಿ ಮಾಡಿದ ಸೇವೆಯನ್ನು ನಾನು ಅಳೆಯುವುದು ಇದರಿಂದ.

ಮೇ 23ನ್ನು ವಿಶ್ವಸಂಸ್ಥೆ ಪ್ರಸೂತಿ ಫಿಸ್ಟುಲಾ ನಿರ್ಮೂಲನ ದಿನವೆಂದು ಆಚರಿಸುತ್ತದೆ. ಈ ತೊಂದರೆ ನಮ್ಮ ದೇಶದಲ್ಲೂ ಇದೆ. ಹೆರಿಗೆಯಿಂದ ಮಾತ್ರವಲ್ಲ, ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯ ಬಳಿಕವೂ ಇದು ಬರಬಹುದು. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಹೆರಿಗೆಯಾದ ಮೇಲೆ ಅಥವಾ ಆಪರೇಷನ್ ಆದ ಮೇಲೆ ಮೂತ್ರ ಸೋರಿಕೆಯಿಂದ ಬಳಲುತ್ತ ನಾಲ್ಕು ಜನರ ನಡುವೆ ಬರಲು ಹಿಂಜರಿಯುವ ಹೆಂಗಸರಿದ್ದರೆ, ಇದು ಹಣೆಬರಹ ಎಂದು ಸುಮ್ಮನಿರಲು ಬಿಡಬೇಡಿ. ಎಷ್ಟೇ ವರ್ಷ ಹಳೆಯದಾದರೂ ಸರಿಪಡಿಸುವ ಸಾಧ್ಯತೆ ಇರುತ್ತದೆ. ಜಿಲ್ಲಾ ಆಸ್ಪತ್ರೆಯ ಅಥವಾ ಮೆಡಿಕಲ್ ಕಾಲೇಜಿನ ಸ್ತ್ರೀರೋಗ ವಿಭಾಗಕ್ಕೆ ಅವರನ್ನು ನೀವೇ ಜೊತೆಯಲ್ಲಿ ಕರೆದುಕೊಂಡು ಹೋಗಿ.