ಬೇಸಿಗೆಯಲ್ಲಿ ಟೈರ್ ಗಾಳಿ ಇಳಿಸಬೇಕೇ? ರೇಸ್ ಕಾರಿನ ಲೆಕ್ಕ ನಮ್ಮ ಕಾರಿಗೆ ಹೊಂದುತ್ತದೆಯೇ?

"ಬೇಸಿಗೆ ಬಂತು, ಟೈರ್‌ನಲ್ಲಿ ಐದಾರು ಪಾಯಿಂಟ್ ಗಾಳಿ ಕಡಿಮೆ ಇಡಿ, ಇಲ್ಲದಿದ್ದರೆ ಸಿಡಿಯುತ್ತದೆ. ರೇಸ್ ಕಾರಿನವರೂ ಹೀಗೇ ಮಾಡುತ್ತಾರೆ!" ಮನೋಳಿಯ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪ್‌ಗೂ ಈ ಸಂದೇಶ ಬಂದಿತ್ತು. ನಂಬಿದ ಸಂಬಂಧಿಕರೊಬ್ಬರು 33 ಇರಬೇಕಾದ ಗಾಳಿಯನ್ನು 27ಕ್ಕೆ ಇಳಿಸಿ, ಕಾರಿನ ತುಂಬ ಜನ ಕೂರಿಸಿಕೊಂಡು ಯಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದರು.

ಸಂದೇಶದಲ್ಲಿ ಅರ್ಧ ನಿಜವಿದೆ. ರೇಸ್ ತಂಡಗಳು ಟೈರ್ ತಣ್ಣಗಿರುವಾಗ ಒತ್ತಡವನ್ನು ತಗ್ಗಿಸಿಯೇ ಇಡುತ್ತವೆ. ಓಡುತ್ತಾ ಬಿಸಿಯಾದಾಗ ಅದು ಬೇಕಾದ ಮಟ್ಟಕ್ಕೆ ಏರಬೇಕು ಎಂಬುದು ಲೆಕ್ಕ. ಅತಿಯಾಗಿ ಏರಿದರೆ ಟೈರ್ ಉಬ್ಬಿ, ನೆಲಕ್ಕೆ ತಾಗುವ ಭಾಗ ಕಿರಿದಾಗಿ ಹಿಡಿತ ಹೋಗುತ್ತದೆ. ಹಾಗೆಂದು ಮನಸ್ಸಿಗೆ ಬಂದಷ್ಟು ಇಳಿಸುವಂತಿಲ್ಲ. ಟೈರ್ ಪೂರೈಸುವ ಪಿರೆಲ್ಲಿ ಕಂಪನಿಯೇ ಕನಿಷ್ಠ ಮಿತಿ ಹಾಕುತ್ತದೆ. ಫಾರ್ವರ್ಡ್ ಮಾಡುವವರು ಬಿಟ್ಟುಬಿಡುವ ಸಾಲು ಇದೇ.

ರೇಸ್ ಟೈರ್ ಬಿಸಿಯಾಗಲು ಗಾಳಿಯ ಇನ್ನೊಂದು ಆಟವೂ ಕಾರಣ. ಕಾರಿನ ರೆಕ್ಕೆಗಳು ಅದನ್ನು ನೆಲಕ್ಕೆ ಒತ್ತುತ್ತವೆ. ವೇಗ ಎರಡು ಪಟ್ಟಾದರೆ ಈ ಒತ್ತು ನಾಲ್ಕು ಪಟ್ಟು. ರೆಕ್ಕೆ ಚಿಕ್ಕದಾದರೆ ನೇರ ದಾರಿಯಲ್ಲಿ ವೇಗ ಸಿಗುತ್ತದೆ, ಆದರೆ ತಿರುವಿನಲ್ಲಿ ಕಾರು ಜಾರಿ ಟೈರ್ ಉಜ್ಜಿ ಸವೆಯುತ್ತದೆ. ಬೆಂಗಳೂರಿನ ಕುಶ್ ಮೈನಿ 2025ರ ಮೇ 24ರಂದು ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದ ಮೊನಾಕೊದಲ್ಲಿ ಬರೀ ತಿರುವುಗಳೇ. ಅಲ್ಲಿ ದೊಡ್ಡ ರೆಕ್ಕೆ ಬೇಕು. ಇಟಲಿಯ ಮೊಂಜಾದಲ್ಲಿ ಚಿಕ್ಕದು. (ಹಳೆಯ ಹ್ಯಾಚ್‌ಬ್ಯಾಕ್‌ಗೆ ಅಂಟಿಸುವ ಸ್ಪಾಯ್ಲರ್ ಊರೊಳಗಿನ 40ರ ವೇಗದಲ್ಲಿ ಶೋಕಿಗಷ್ಟೇ.)

ಇನ್ನು ನಮ್ಮ ಕಾರು. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿ ತಣ್ಣನೆಯ ಟೈರ್‌ನದು. ಬಿಸಿಯಾದಾಗಿನ ಏರಿಕೆಯನ್ನು ಲೆಕ್ಕ ಹಾಕಿಯೇ ಕಂಪನಿ ಅದನ್ನು ಬರೆದಿರುತ್ತದೆ. 25 ಡಿಗ್ರಿಯಲ್ಲಿ 33 ಪಿಎಸ್‌ಐ ಇದ್ದದ್ದು 55 ಡಿಗ್ರಿಗೆ ಸುಮಾರು 38 ಆಗುತ್ತದೆ. ಸುಸ್ಥಿತಿಯ ಕಾರ್ ಟೈರ್ ಇದನ್ನು ಸಲೀಸಾಗಿ ತಡೆಯುತ್ತದೆ. ಅದರ ಗರಿಷ್ಠ ಮಿತಿ ಟೈರ್‌ನ ಪಕ್ಕದಲ್ಲೇ ಅಚ್ಚಾಗಿರುತ್ತದೆ.

ಅಪಾಯ ಇರುವುದು ಗಾಳಿ ಇಳಿಸಿದಾಗ. ಟೈರ್‌ನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುವಂತೆ, ರಬ್ಬರ್ ಒಳಗೇ ಕಾಯುತ್ತದೆ, ಪದರಗಳು ಬಿಡುತ್ತವೆ. ಮೇಲೆ ತುಂಬಿದ ಭಾರ, ಕೆಳಗೆ ಕಾದ ಡಾಂಬರು. ಸಿಡಿಯಬಾರದೆಂದು ಮಾಡಿದ ಕೆಲಸವೇ ಸಿಡಿಯಲು ದಾರಿ ಮಾಡುತ್ತದೆ.

ಬೆಳಿಗ್ಗೆ, ಗಾಡಿ ತೆಗೆಯುವ ಮುನ್ನ ಒತ್ತಡ ನೋಡಿ. ಜನ ತುಂಬಿದಾಗ ಎಷ್ಟಿರಬೇಕೆಂದು ಹಲವು ಕಾರುಗಳ ಚೀಟಿಯಲ್ಲೇ ಬೇರೆ ಅಂಕಿ ಇರುತ್ತದೆ. ಅದು ಸಾಮಾನ್ಯವಾಗಿ ಹೆಚ್ಚು, ಕಡಿಮೆಯಲ್ಲ. ಓಡಿ ಬಂದ ಬಿಸಿ ಟೈರ್‌ನಲ್ಲಿ 38 ಕಂಡರೆ ಇಳಿಸಬೇಡಿ. ನಮ್ಮ ಸಂಬಂಧಿಕರು ದಾರಿಯ ಪೆಟ್ರೋಲ್ ಬಂಕ್‌ನಲ್ಲಿ ಮತ್ತೆ ಗಾಳಿ ತುಂಬಿಸಿಕೊಂಡು ಗುಡ್ಡ ಹತ್ತಿದರು. ಗ್ರೂಪ್‌ನಲ್ಲಿದ್ದ ಆ ಸಂದೇಶವನ್ನು ಮಾತ್ರ ಇನ್ನೂ ಅಳಿಸಿಲ್ಲ.